ಬರಕ್ಕೆ ಹುಲ್ಲುಗಾವಲು ಹೋದರೆ ಎಲ್‌ಎಫ್‌ಪಿ ಹಣ: ದನದ ಲೆಕ್ಕವೋ, ಎಕರೆ ಲೆಕ್ಕವೋ?

ಕ್ಯಾನ್ಸಸ್‌ಖಾತೆ

ಪಶ್ಚಿಮ ಕ್ಯಾನ್ಸಸ್‌ನ ಒಂದು ದನದ ರ‍್ಯಾಂಚಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬರದಿಂದ ಮೇವು ಕಳೆದುಕೊಂಡವರಿಗೆ ಅಮೆರಿಕದ ಕೃಷಿ ಇಲಾಖೆ ಕೊಡುವ ಲೈವ್‌ಸ್ಟಾಕ್ ಫೋರೇಜ್ ಡಿಸಾಸ್ಟರ್ ಪ್ರೋಗ್ರಾಂ, ಅಂದರೆ ಎಲ್‌ಎಫ್‌ಪಿಗೆ ಈ ರ‍್ಯಾಂಚಿನಿಂದ ಇದೇ ಮೊದಲ ಅರ್ಜಿ. ಒಟ್ಟು 1,600 ಎಕರೆ ಹುಲ್ಲುಗಾವಲು. ಅದರಲ್ಲಿ 1,000 ಎಕರೆ ಸ್ವಂತದ್ದು, 600 ಎಕರೆ ಗುತ್ತಿಗೆಯದು. ಬರ ಬೀಳುವ ಮೊದಲು 120 ತಾಯಿ ಹಸುಗಳಿದ್ದವು. ಮೇವಿಲ್ಲದೆ 25 ಹಸು ಮಾರಿ ಆಗಿದೆ.

ಗೊತ್ತಾಗಬೇಕಿರುವುದು ಇಷ್ಟು:

1. ನಮ್ಮ ಕೌಂಟಿಯ (ಜಿಲ್ಲೆಯಂಥ ಆಡಳಿತ ಪ್ರದೇಶ) ಈಶಾನ್ಯ ಮೂಲೆಯಲ್ಲಿ ಅಮೆರಿಕದ ವಾರವಾರದ ಬರದ ನಕ್ಷೆ ಡಿ3 ತೋರಿಸುತ್ತಿದೆ (ಡಿ1ರಿಂದ ಡಿ4ರತ್ತ ಹೋದಂತೆ ಬರ ತೀವ್ರ). ನಮ್ಮ ಜಮೀನಿರುವ ಕಡೆ ಇನ್ನೂ ಡಿ1. ನಮಗೆ ಸಿಗುತ್ತದೋ ಇಲ್ಲವೋ?
2. ಹಣ ಕೊಡುವುದು ದನದ ತಲೆ ಎಣಿಸಿಯೋ, ಎಕರೆ ನೋಡಿಯೋ?
3. ಮಾರಿದ 25 ಹಸು ಲೆಕ್ಕಕ್ಕೆ ಬರುತ್ತವೆಯೇ?
4. ಪಿಆರ್‌ಎಫ್ ಎಂಬ ಹುಲ್ಲುಗಾವಲಿನ ಮಳೆ ವಿಮೆ ಇದೆ. ಅದರ ಹಣ ಬಂದರೆ ಇದರಲ್ಲಿ ಕಡಿತ ಮಾಡುತ್ತಾರೆಯೇ?

ಜನವರಿಯಲ್ಲೂ ಕೆಲವು ವಾರ ಡಿ3 ಇತ್ತು. ಆಗಿನದಕ್ಕೆ ಏನೂ ಇಲ್ಲ ಎಂದು ಕಚೇರಿಯಲ್ಲಿ ಹೇಳಿದರು, ಕಾರಣ ಹೇಳಲಿಲ್ಲ.

---

ಬರನಕ್ಷೆ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಸಿಗುತ್ತದೆ. ಕಾನೂನಿನಲ್ಲಿರುವ ಮಾತು ‘ಕೌಂಟಿಯ ಯಾವುದೇ ಭಾಗದಲ್ಲಿ’ ಎಂದು. ಮೂಲೆಯಲ್ಲಿ ಒಂದು ಚೂರು ಡಿ3 ಬಣ್ಣ ಬಿದ್ದರೂ ಇಡೀ ಕೌಂಟಿ ಅರ್ಹ. ಇದರ ಇನ್ನೊಂದು ಮುಖವೂ ಇದೆ. ನಿಮ್ಮ ಹುಲ್ಲು ಪೂರ್ತಿ ಸುಟ್ಟುಹೋಗಿದ್ದರೂ ನಕ್ಷೆಯಲ್ಲಿ ಕೌಂಟಿ ಡಿ1 ದಾಟದಿದ್ದರೆ ಒಂದು ಡಾಲರೂ ಬರುವುದಿಲ್ಲ. ಪಕ್ಕದ ಕೌಂಟಿಯವನಿಗೆ ಬಂದು ಬೇಲಿಯ ಈಚೆಗಿನವನಿಗೆ ಬಾರದಿರುವುದು ಈ ಯೋಜನೆಯ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಕೌಂಟಿಯ ಬರದ ಮಟ್ಟದ ಬಗ್ಗೆ ಮೇಲ್ಮನವಿ ಹಾಕಲು ಬರುವುದಿಲ್ಲ.

ಜಮೀನು ಎರಡು ಕೌಂಟಿಗಳಲ್ಲಿ ಹರಡಿದ್ದರೆ ಪ್ರತಿ ತುಂಡಿಗೂ ಅದು ನಿಜವಾಗಿ ಇರುವ ಕೌಂಟಿಯ ಲೆಕ್ಕ. ನಿಮ್ಮ ಫಾರ್ಮಿನ ಕಡತ ಯಾವ ಕಚೇರಿಯಲ್ಲಿದೆ ಎಂಬುದು ಮುಖ್ಯವಲ್ಲ.

ಎಷ್ಟು ತಿಂಗಳ ಹಣ ಎಂಬುದು ಬರದ ತೀವ್ರತೆಯ ಮೇಲೆ ನಿಂತಿದೆ. ಡಿ2 ಸತತ 8 ವಾರ ಇದ್ದರೆ ಒಂದು ತಿಂಗಳದ್ದು. ಡಿ3 ಒಂದೇ ಒಂದು ವಾರ ಬಂದರೂ ಮೂರು ತಿಂಗಳದ್ದು. ಡಿ3 ಒಟ್ಟು 4 ವಾರ ಆದರೆ, ಅಥವಾ ಡಿ4 ಒಂದು ವಾರವಾದರೂ ಬಂದರೆ, ನಾಲ್ಕು ತಿಂಗಳದ್ದು. ಡಿ4 ಒಟ್ಟು 4 ವಾರ ಆದರೆ ಐದು. ಡಿ3, ಡಿ4ರ ಆ ನಾಲ್ಕು ವಾರಗಳು ಸತತವಾಗಿರಬೇಕೆಂದಿಲ್ಲ, ಬಿಟ್ಟುಬಿಟ್ಟು ಬಂದರೂ ಕೂಡಿಸುತ್ತಾರೆ.

ಜನವರಿಯದು ಯಾಕೆ ಬಿಟ್ಟುಹೋಯಿತು ಎಂದರೆ, ಈ ವಾರಗಳೆಲ್ಲ ‘ಸಾಮಾನ್ಯ ಮೇಯಿಸುವ ಅವಧಿ’ಯ ಒಳಗೆ ಬೀಳಬೇಕು. ಪ್ರತಿ ಕೌಂಟಿಗೆ, ಪ್ರತಿ ಬಗೆಯ ಹುಲ್ಲಿಗೆ ಆ ಅವಧಿಯ ಶುರು ಮತ್ತು ಕೊನೆಯ ದಿನಾಂಕ ಮೊದಲೇ ಗೊತ್ತು ಮಾಡಿರುತ್ತಾರೆ. ನಿಮ್ಮದು ಬೇಸಿಗೆಯಲ್ಲಿ ಬೆಳೆಯುವ ನಾಡಹುಲ್ಲು ಆಗಿದ್ದರೆ ಜನವರಿ ಅದರ ಹೊರಗೆ. ಅದೇ ಕೌಂಟಿಯಲ್ಲಿ ಮೇಯಿಸಲೆಂದೇ ಗೋಧಿ ಬಿತ್ತಿದವನ ಅವಧಿ ಬೇರೆ ಇರುತ್ತದೆ, ಅವನಿಗೆ ಚಳಿಗಾಲದ ಬರವೂ ಲೆಕ್ಕಕ್ಕೆ ಬರಬಹುದು. ನಿಮ್ಮ ಕೌಂಟಿಯ ಪಟ್ಟಿಯನ್ನು ಕೇಳಿ ತೆಗೆದುಕೊಳ್ಳಿ. ಹುಲ್ಲಿನ ಬಗೆಗೊಂದು ಸಾಲು ಇರುತ್ತದೆ.

ನಕ್ಷೆ ಪ್ರತಿ ಗುರುವಾರ ಹೊರಬರುತ್ತದೆ, ಅದರಲ್ಲಿರುವುದು ಮಂಗಳವಾರ ಬೆಳಗಿನವರೆಗಿನ ಸ್ಥಿತಿ. ಬುಧವಾರ ಒಳ್ಳೆಯ ಮಳೆ ಬಂದರೂ ಆ ವಾರದ ಬಣ್ಣ ಬದಲಾಗುವುದಿಲ್ಲ. ನಕ್ಷೆ ಬರೆಯುವವರಿಗೆ ನೆಲದ ಸ್ಥಿತಿ ತಿಳಿಸಲು ಸಿಎಂಒಆರ್ ಎಂಬ ವರದಿ ವ್ಯವಸ್ಥೆ ಇದೆ. ಅದನ್ನು ನಡೆಸುವುದು ನೆಬ್ರಾಸ್ಕ ವಿಶ್ವವಿದ್ಯಾಲಯದ ಲಿಂಕನ್ ಆವರಣದಲ್ಲಿರುವ ರಾಷ್ಟ್ರೀಯ ಬರ ನಿವಾರಣಾ ಕೇಂದ್ರ. ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ, ಎರಡು ವಾರಕ್ಕೊಮ್ಮೆ ತೆಗೆದ ಫೋಟೋ ಹಾಕಿ. ಕೆರೆಯ ನೀರಿನ ಮಟ್ಟ, ಹುಲ್ಲಿನ ಎತ್ತರ ಬರೆಯಿರಿ. ಮಳೆಮಾಪಕ ಕಡಿಮೆ ಇರುವ ಕೌಂಟಿಗಳಲ್ಲಿ ಇಂಥ ವರದಿ ಬಹಳ ತೂಗುತ್ತದೆ. ಬರ ಮುಗಿದ ಮೇಲೆ ಕಳಿಸಿದರೆ ಹಳೆಯ ವಾರಗಳ ನಕ್ಷೆಯನ್ನು ತಿದ್ದುವುದಿಲ್ಲ.

---

ಗೂಟದಹಗ್ಗ

ಮೇಲಿನ ಉತ್ತರದಲ್ಲಿ ಒಂದು ತಿದ್ದುಪಡಿ ಆಗಬೇಕು. ಡಿ2ಗೆ ಸತತ 8 ವಾರ ಬೇಕು ಎಂಬುದು ಹಳೆಯ ನಿಯಮ. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು ಸಡಿಲಿಸಿತು. ಈಗ ಡಿ2 ಸತತ 4 ವಾರ ಇದ್ದರೆ ಒಂದು ತಿಂಗಳ ಹಣ, 8 ವಾರಗಳಲ್ಲಿ 7 ವಾರ ಇದ್ದರೆ ಎರಡು ತಿಂಗಳದ್ದು. ಡಿ3, ಡಿ4ರ ಲೆಕ್ಕ ಹಾಗೆಯೇ ಉಳಿದಿದೆ. ಅಂತರ್ಜಾಲದಲ್ಲಿ ಸಿಗುವ ಬಹಳಷ್ಟು ವಿವರಣೆಗಳು ಹಳೆಯವು, ಓದುವಾಗ ತಾರೀಖು ನೋಡಿ.

ಈಗ ಎರಡನೆಯ ಮತ್ತು ಮೂರನೆಯ ಪ್ರಶ್ನೆ. ದನವನ್ನೂ ಎಣಿಸುತ್ತಾರೆ, ಎಕರೆಯನ್ನೂ ನೋಡುತ್ತಾರೆ. ಎರಡರಲ್ಲಿ ಯಾವುದು ಕಡಿಮೆಯೋ ಅದರ 60 ಶೇಕಡಾ ಕೊಡುತ್ತಾರೆ.

ದನದ ಕಡೆಯ ಲೆಕ್ಕ: ಒಂದು ಪ್ರಾಯದ ಮಾಂಸತಳಿ ಹಸುವಿಗೆ ದಿನಕ್ಕೆ 15.7 ಪೌಂಡ್ ಮೆಕ್ಕೆಜೋಳಕ್ಕೆ ಸಮನಾದ ಮೇವು ಬೇಕು ಎಂದು ಕಾನೂನೇ ಹೇಳಿದೆ. ತಿಂಗಳೆಂದರೆ 30 ದಿನ. ಮೆಕ್ಕೆಜೋಳದ ರಾಷ್ಟ್ರೀಯ ಸರಾಸರಿ ಬೆಲೆಯನ್ನು ಆ ವರ್ಷದ ಮಾರ್ಚ್ 1ಕ್ಕೆ ಹಿಂದಿನ 12 ತಿಂಗಳಿಗೆ ಒಮ್ಮೆ, 24 ತಿಂಗಳಿಗೆ ಒಮ್ಮೆ ನೋಡಿ, ಹೆಚ್ಚಿರುವುದನ್ನು ಹಿಡಿಯುತ್ತಾರೆ. ಆ ಬೆಲೆ ಬುಶೆಲ್ ಎಂಬ ಅಳತೆಗೆ, ಒಂದು ಬುಶೆಲ್‌ಗೆ 56 ಪೌಂಡ್. ಬೆಲೆ 5 ಡಾಲರ್ ಎಂದು ಇಟ್ಟುಕೊಳ್ಳಿ. 5 ಭಾಗಿಸು 56, ಗುಣಿಸು 15.7, ಗುಣಿಸು 30, ಅಂದರೆ 42.05 ಡಾಲರ್. ಅದರ 60 ಶೇಕಡಾ 25.23. ಇದು ಒಂದು ಹಸುವಿಗೆ ಒಂದು ತಿಂಗಳದ್ದು.

ಎಕರೆಯ ಕಡೆಯ ಲೆಕ್ಕ: ಆ ಬಗೆಯ ಹುಲ್ಲಿನಲ್ಲಿ ಒಂದು ಹಸು ಮೇಯಲು ಎಷ್ಟು ಎಕರೆ ಬೇಕು ಎಂದು ಕೌಂಟಿವಾರು ನಿಗದಿ ಮಾಡಿರುತ್ತಾರೆ. ಇಪ್ಪತ್ತು ಎಕರೆಗೆ ಒಂದು ಎಂದಿದ್ದರೆ ನಿಮ್ಮ 1,600 ಎಕರೆ ಹೊರುವುದು 80 ಹಸು. ನೀವು ಅಲ್ಲಿ 120 ಮೇಯಿಸುತ್ತಿದ್ದಿರಿ ಎಂಬುದು ಅವರಿಗೆ ಬೇಡ.

ಮಾರಿದ 25 ಹಸು ಲೆಕ್ಕಕ್ಕೆ ಬರುತ್ತವೆ, ಆದರೆ 80 ಶೇಕಡಾ ದರದಲ್ಲಿ. ಬರದ ಕಾರಣಕ್ಕೇ ಮಾರಿರಬೇಕು. ಈ ವರ್ಷ ಅಥವಾ ಇದರ ಹಿಂದಿನ ಎರಡು ವರ್ಷಗಳಲ್ಲಿ ಮಾರಿದ್ದೂ ಆಗುತ್ತದೆ. ನಿಮ್ಮಲ್ಲಿ ಉಳಿದದ್ದು 95, ಮಾರಿದ್ದು 25ರ 80 ಶೇಕಡಾ ಅಂದರೆ 20, ಒಟ್ಟು 115 ಹಸುವಿನಷ್ಟು. ಎಕರೆಯ ಕಡೆ 80. ಕಡಿಮೆ ಇರುವುದು 80, ಅದೇ ನಿಲ್ಲುತ್ತದೆ.

ನಾಲ್ಕು ತಿಂಗಳ ಹಣ ಅರ್ಹವಾದರೆ 80 ಗುಣಿಸು 25.23 ಗುಣಿಸು 4, ಸುಮಾರು 8,074 ಡಾಲರ್. ಇದರಿಂದ ಸೀಕ್ವೆಸ್ಟ್ರೇಶನ್ ಎಂಬ ಕಡ್ಡಾಯ ಕಡಿತ 5.7 ಶೇಕಡಾ ಹೋಗುತ್ತದೆ. ಕೈಗೆ ಬರುವುದು ಸುಮಾರು 7,614.

ಈಗ ಇದನ್ನು ಗಮನಿಸಿ. ಮಾರಿದ ಹಸುಗಳ ರಸೀದಿ ಹುಡುಕುವುದಕ್ಕಿಂತ ನಿಮಗೆ ಮುಖ್ಯವಾದದ್ದು ಆ 600 ಗುತ್ತಿಗೆ ಎಕರೆ. ಅದು ಬಿಟ್ಟುಹೋದರೆ ಉಳಿಯುವುದು 1,000 ಎಕರೆ, 50 ಹಸು, ಕಡಿತಕ್ಕೆ ಮೊದಲು 5,046 ಡಾಲರ್. ಮೂರು ಸಾವಿರ ಡಾಲರ್ ಒಂದು ಗುತ್ತಿಗೆ ಕಾಗದದ ಮೇಲೆ ನಿಂತಿದೆ. ಎಕರೆ ಹೆಚ್ಚಿದ್ದು ದನ ಕಡಿಮೆ ಇರುವವರಿಗೆ ಇದು ತಿರುವುಮುರುವು. ಅವರು ಮಾರಿದ ಒಂದೊಂದು ಹಸುವಿನ ದಾಖಲೆಯನ್ನೂ ಹುಡುಕಲೇಬೇಕು.

---

ಖಾತೆಪುಸ್ತಕ

ಲೆಕ್ಕ ಸರಿಯಾಗಿದೆ. ಕಾಗದದ ವಿಷಯ ನಾನು ಹೇಳುತ್ತೇನೆ, ಹೆಚ್ಚಿನ ಅರ್ಜಿಗಳು ಸೋಲುವುದು ಅಲ್ಲಿ.

ಅರ್ಜಿಯ ನಮೂನೆ ಸಿಸಿಸಿ-853. ಕೊಡಬೇಕಾದ್ದು ನಿಮ್ಮ ಫಾರ್ಮ್ ಸರ್ವೀಸ್ ಏಜೆನ್ಸಿ, ಅಂದರೆ ಎಫ್‌ಎಸ್‌ಎ ಕಚೇರಿಗೆ, ಮೇವು ಹೋದ ವರ್ಷದ ಮರುವರ್ಷ ಮಾರ್ಚ್ 1ರೊಳಗೆ. ಹಿಂದೆ ಜನವರಿ 30 ಇತ್ತು. ಅರ್ಜಿಯೊಂದೇ ಅಲ್ಲ, ಪೂರಕ ದಾಖಲೆಗಳೂ ಆ ದಿನದೊಳಗೆ ಇರಬೇಕು. ಮೊದಲ ಸಲವಾದ್ದರಿಂದ ಫಾರ್ಮ್ ನಂಬರ್ ಮಾಡಿಸಿ, ಜೊತೆಗೆ ಈ ನಮೂನೆಗಳನ್ನೂ ತುಂಬಿ: ಎಡಿ-2047 ಗ್ರಾಹಕರ ವಿವರಕ್ಕೆ, ಸಿಸಿಸಿ-902 ಫಾರ್ಮ್ ನಡೆಸುವ ಯೋಜನೆಗೆ, ಸಿಸಿಸಿ-941 ಆದಾಯ ಮಿತಿಗೆ, ಎಡಿ-1026 ಸವೆಯುವ ಮಣ್ಣು ಮತ್ತು ಜೌಗು ಭೂಮಿಯ ಷರತ್ತಿಗೆ. ಫೆಬ್ರವರಿ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಹೊಸಬರು ವರ್ಷ ಮುಗಿಯುವ ಮೊದಲೇ ಫಾರ್ಮ್ ನಂಬರ್ ಕೆಲಸ ಮುಗಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯ ಎಫ್‌ಎಸ್‌ಎ-578, ಎಕರೆ ವರದಿ. ಇದರಲ್ಲಿ ಪ್ರತಿ ತುಂಡಿಗೂ ‘ಉದ್ದೇಶಿತ ಬಳಕೆ’ ಎಂಬ ಕಾಲಂ ಇದೆ. ಮೇಯಿಸಲಿಕ್ಕೆ ಎಂದರೆ ಜಿಝಡ್, ಕೊಯ್ದು ಮೇವು ಮಾಡಲಿಕ್ಕೆ ಎಂದರೆ ಎಫ್‌ಜಿ. ಒಂದು ಎಕರೆ ಎಫ್‌ಜಿ ಎಂದು ನಮೂದಾಗಿದ್ದರೆ ಅದಕ್ಕೆ ಎಲ್‌ಎಫ್‌ಪಿ ಇಲ್ಲ, ಆ ವರ್ಷ ದನ ಅಲ್ಲೇ ಮೇಯ್ದಿದ್ದರೂ ಇಲ್ಲ. ಕಂಪ್ಯೂಟರಿನಲ್ಲಿ ಹಳೆಯ ವರ್ಷದ ವರದಿಯನ್ನೇ ಮುಂದಕ್ಕೆ ಎಳೆದು ಸಹಿ ಮಾಡಿಸುವ ರೂಢಿ ಇದೆ. ಸಹಿ ಹಾಕುವ ಮೊದಲು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ.

ಈ ಕೆಳಗಿನ ಎಕರೆಗಳು ಲೆಕ್ಕಕ್ಕೇ ಬರುವುದಿಲ್ಲ: ಬೆಳೆ ಕೊಯ್ದ ಮೇಲೆ ಉಳಿದ ಕೂಳೆಯಲ್ಲಿ ಮೇಯಿಸುವ ಜಾಗ, ಸಿಆರ್‌ಪಿ (ಮಣ್ಣು ಉಳಿಸಲು ಸಾಗುವಳಿ ಬಿಡಿಸುವ ಸರ್ಕಾರಿ ಯೋಜನೆ) ಒಪ್ಪಂದದ ಭೂಮಿ, ನೀರಾವರಿ ಭೂಮಿ. ನೀರಾವರಿಯದರಲ್ಲಿ ಒಂದು ವಿನಾಯಿತಿ ಇದೆ. ನಿಮ್ಮ ಕೈಮೀರಿದ ಕಾರಣಕ್ಕೆ ಕಾಲುವೆ ನೀರೇ ಬಾರದೆ ನೀರು ಕಟ್ಟಲಾಗದಿದ್ದರೆ ಕೇಳಬಹುದು.

ದನದ ದಾಖಲೆ: ಬರ ಅರ್ಹತೆಗೆ ಬಂದ ದಿನಕ್ಕಿಂತ ಹಿಂದಿನ 60 ದಿನಗಳಲ್ಲಿ ಆ ದನ ನಿಮ್ಮದಾಗಿರಬೇಕು, ಅಥವಾ ಗುತ್ತಿಗೆಯದಾಗಿರಬೇಕು. ಆಮೇಲೆ ಕೊಂಡದ್ದು ಸೇರುವುದಿಲ್ಲ. ಕೂಡಿಹಾಕಿ ಕೊಬ್ಬಿಸುವ ಫೀಡ್‌ಲಾಟ್‌ನಲ್ಲಿರುವುದು ಸೇರುವುದಿಲ್ಲ. ತಾಯಿ ಜೊತೆ ಹಾಲು ಕುಡಿಯುತ್ತಿರುವ ಕರುವನ್ನು ಬೇರೆಯಾಗಿ ಎಣಿಸುವುದಿಲ್ಲ. 500 ಪೌಂಡ್ ದಾಟಿದ ಮಣಕ, ಹೋರಿಗಳು ಪ್ರಾಯದ ಹಸುವಿನ ಮುಕ್ಕಾಲು ದರಕ್ಕೆ ಬರುತ್ತವೆ. ಕುರಿ, ಮೇಕೆ ನಾಲ್ಕಕ್ಕೆ ಒಂದು ಹಸು. ಸವಾರಿಗೋ ಪಂದ್ಯಕ್ಕೋ ಇಟ್ಟ ಕುದುರೆಗೆ ಇಲ್ಲ. ಸಂಖ್ಯೆಗೆ ಪುರಾವೆಯಾಗಿ ಬ್ಯಾಂಕ್ ಸಾಲಕ್ಕೆ ಕೊಟ್ಟ ದನದ ಪಟ್ಟಿ, ಪಶುವೈದ್ಯರ ಬಿಲ್ಲು, ಹರಾಜು ಕಟ್ಟೆಯ ರಸೀದಿ, ಕಿವಿ ಓಲೆಯ ಪುಸ್ತಕ ಆಗುತ್ತವೆ. ಆಯಾ ಕಾಲದಲ್ಲಿ ಬರೆದ ದಾಖಲೆಗೆ ಬೆಲೆ, ಅರ್ಜಿ ಹಾಕುವ ದಿನ ಕುಳಿತು ಬರೆದ ಪಟ್ಟಿಗೆ ಅಷ್ಟಿಲ್ಲ.

ನಿಮ್ಮ 600 ಎಕರೆ ಗುತ್ತಿಗೆ ಯಾವ ಬಗೆಯದು ಎಂದು ಬರೆದಿಲ್ಲ. ಎಕರೆಗಿಷ್ಟು ಎಂದು ನಗದು ಗುತ್ತಿಗೆಯಾದರೆ ಸರಿ. ದನ ಎಷ್ಟು ಪೌಂಡ್ ತೂಕ ಹೆಚ್ಚಿತೋ ಅದರ ಮೇಲೆ ಜಮೀನಿನವನಿಗೆ ಹಣ ಕೊಡುವ ಒಪ್ಪಂದವಾದರೆ ಆ ಜಾಗಕ್ಕೆ ನೀವು ಅರ್ಹರಲ್ಲ. ಕಾನೂನಿನಲ್ಲೇ ಹೊರಗಿಟ್ಟಿದ್ದಾರೆ.

ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ. ಮೂರು ವರ್ಷದ ಸರಾಸರಿ ಆದಾಯ 9,00,000 ಡಾಲರ್ ದಾಟಿದವರಿಗೆ ಸಾಮಾನ್ಯವಾಗಿ ಇಲ್ಲ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು ಅರ್ಜಿ ಹಾಕಬಹುದು. ಕೆಲಸದ ವೀಸಾದಲ್ಲಿದ್ದುಕೊಂಡು ರ‍್ಯಾಂಚಿನಲ್ಲಿ ಹಣ ಹಾಕಿರುವವರು ತಮ್ಮ ಹೆಸರಲ್ಲಿ ಅರ್ಜಿ ಹಾಕುವ ಮೊದಲು ಇದನ್ನು ನೋಡಿಕೊಳ್ಳಲಿ.

ನಾಲ್ಕನೆಯ ಪ್ರಶ್ನೆ: ಪಿಆರ್‌ಎಫ್ ಹಣ ಬಂದರೂ ಎಲ್‌ಎಫ್‌ಪಿ ಕಡಿಮೆಯಾಗುವುದಿಲ್ಲ. 2008ರ ಕಾನೂನಿನಲ್ಲಿ ವಿಮೆ ಇದ್ದರಷ್ಟೇ ಪರಿಹಾರ ಎಂಬ ಷರತ್ತಿತ್ತು, 2014ರದರಲ್ಲಿ ಅದು ಹೋಯಿತು.

---

ನೆವಾಡಾಬಯಲು

ಇದಕ್ಕೇ ಸೇರಿದ ಪ್ರಶ್ನೆ. ಸರ್ಕಾರಿ ಹುಲ್ಲುಗಾವಲಿನಲ್ಲಿ 200 ಹಸುವಿಗೆ ಬಿಎಲ್‌ಎಂ (ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆ) ಪರ್ಮಿಟ್ ಇದೆ. ಬೆಂಕಿ ಬಿದ್ದು ಮೇಯಿಸುವುದನ್ನು ನಿಲ್ಲಿಸಿದ್ದಾರೆ. ಕೌಂಟಿ ಬರದ ಪಟ್ಟಿಯಲ್ಲಿಲ್ಲ. ಎಲ್‌ಎಫ್‌ಪಿ ಸಿಗುತ್ತದೆಯೇ?

---

ಗೂಟದಹಗ್ಗ

ಸಿಗುತ್ತದೆ, ಬೆಂಕಿಯ ದಾರಿ ಬರದಿಂದ ಬೇರೆ. ಕೇಂದ್ರ ಸರ್ಕಾರ ನೋಡಿಕೊಳ್ಳುವ ಭೂಮಿಯಾಗಿರಬೇಕು, ಬೆಂಕಿಯ ಕಾರಣಕ್ಕೆ ಆ ಸಂಸ್ಥೆಯೇ ನಿಮ್ಮ ದನವನ್ನು ತಡೆದಿರಬೇಕು. ನೀವೇ ಮುಂಜಾಗ್ರತೆಯಿಂದ ದನ ಹೊಡೆದುಕೊಂಡು ಬಂದಿದ್ದರೆ ಸಾಲದು. ತಡೆದ ದಿನಾಂಕ, ಪರ್ಮಿಟ್ ಸಂಖ್ಯೆ, ಎಷ್ಟು ದನ ಎಂಬುದಿರುವ ಪತ್ರವನ್ನು ಅವರಿಂದ ಬರೆಸಿಕೊಳ್ಳಿ.

ಇಲ್ಲಿ ದರ 60 ಅಲ್ಲ, 50 ಶೇಕಡಾ. ದಿನದ ಲೆಕ್ಕ. ತಡೆದ ದಿನದಿಂದ ಪರ್ಮಿಟ್ ಅವಧಿ ಮುಗಿಯುವವರೆಗೆ, ಹೆಚ್ಚೆಂದರೆ 180 ದಿನ. ಆಗಸ್ಟ್ 10ರಂದು ತಡೆದು ಅಕ್ಟೋಬರ್ 31ಕ್ಕೆ ಅವಧಿ ಮುಗಿಯುವುದಾದರೆ 83 ದಿನ. ಮೇಲಿನ 5 ಡಾಲರ್ ಬೆಲೆಯಲ್ಲೇ ದಿನಕ್ಕೆ ಹಸುವಿಗೆ ಸುಮಾರು 70 ಸೆಂಟ್. 200 ಹಸುವಿಗೆ 83 ದಿನಕ್ಕೆ ಸುಮಾರು 11,635 ಡಾಲರ್, ಕಡಿತಕ್ಕೆ ಮೊದಲು.

ಖಾಸಗಿ ಭೂಮಿ ಸುಟ್ಟರೆ ಈ ದಾರಿ ಇಲ್ಲ. 2024ರ ಫೆಬ್ರವರಿಯಲ್ಲಿ ಟೆಕ್ಸಸ್ ಪ್ಯಾನ್‌ಹ್ಯಾಂಡಲ್‌ನಲ್ಲಿ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಹತ್ತು ಲಕ್ಷಕ್ಕೂ ಹೆಚ್ಚು ಎಕರೆ ಸುಟ್ಟಿತು. ಅಲ್ಲಿಯದು ಬಹುಪಾಲು ಖಾಸಗಿ ಜಮೀನು. ಅಂಥವರು ಮೇವಿನ ನಷ್ಟಕ್ಕೆ ಇಎಲ್‌ಎಪಿ ಎಂಬ ಇನ್ನೊಂದು ಯೋಜನೆಗೆ, ಸತ್ತ ದನಕ್ಕೆ ಎಲ್‌ಐಪಿಗೆ ಹೋಗಬೇಕು. ಮೂರೂ ಒಂದೇ ಕಚೇರಿ, ಆದರೆ ಅರ್ಜಿ ಬೇರೆ ಬೇರೆ. ಒಂದಕ್ಕೆ ಹಾಕಿದರೆ ಇನ್ನೊಂದಕ್ಕೆ ಹಾಕಿದಂತಾಗುವುದಿಲ್ಲ.

ಕ್ಯಾನ್ಸಸ್‌ನವರಿಗೂ ಇಎಲ್‌ಎಪಿ ಬೇಕಾಗಬಹುದು. ಬರದಲ್ಲಿ ದನಕ್ಕೆ ನೀರು ಸಾಗಿಸಿದ, ದೂರದಿಂದ ಮೇವು ತರಿಸಿದ ಹೆಚ್ಚುವರಿ ಖರ್ಚಿಗೆ ಅದು. ಮೇವಿನ ಸಾಗಣೆಯಲ್ಲಿ ಮೊದಲ 25 ಮೈಲಿ ಬಿಟ್ಟು 1,000 ಮೈಲಿವರೆಗೆ. ಪ್ರತಿ ಲೋಡಿನ ದಿನಾಂಕ, ಮೈಲಿ, ಎಷ್ಟು ಬೇಲ್ ಎಂದು ಆಯಾ ದಿನವೇ ಬರೆದಿಡಿ. ಬರವಿಲ್ಲದ ವರ್ಷದಲ್ಲಿ ಎಷ್ಟು ತರಿಸುತ್ತಿದ್ದಿರಿ ಎಂದೂ ಕೇಳುತ್ತಾರೆ, ಆ ರಸೀದಿಗಳನ್ನು ಎಸೆಯಬೇಡಿ.

---

ಬರನಕ್ಷೆ

ಡಿ2ರ ಹೊಸ ನಿಯಮ ತಿಳಿಸಿದ್ದಕ್ಕೆ ವಂದನೆ, ಅದೇ ಸರಿ.

ಹಣ ಚಿಕ್ಕದು ಎಂದು ಅರ್ಜಿ ಬಿಡುವವರಿಗೆ ಒಂದು ಮಾತು. ಸಂಸತ್ತು ಆಮೇಲೆ ಹೆಚ್ಚುವರಿ ಪರಿಹಾರ ಘೋಷಿಸಿದಾಗ ಎಲ್‌ಎಫ್‌ಪಿ ಕಡತವನ್ನೇ ಆಧಾರ ಮಾಡಿಕೊಳ್ಳುತ್ತಾರೆ. 2021ರ ಬರಕ್ಕೆ 2022ರಲ್ಲಿ, 2023 ಮತ್ತು 2024ರ ಬರಕ್ಕೆ 2025ರಲ್ಲಿ ಇಎಲ್‌ಆರ್‌ಪಿ ಎಂಬ ಇಂಥ ಹೆಚ್ಚುವರಿ ಪರಿಹಾರದ ಹಣ ಬಂದಾಗ ಎಲ್‌ಎಫ್‌ಪಿ ಅರ್ಜಿ ಮಂಜೂರಾಗಿದ್ದವರಿಗೆ ಮತ್ತೆ ಅರ್ಜಿ ಇಲ್ಲದೆಯೇ ಬಂತು. ಹಾಕದವರಿಗೆ ಆ ಬಾಗಿಲು ತೆರೆಯಲಿಲ್ಲ.

---

ಕ್ಯಾನ್ಸಸ್‌ಖಾತೆ

ಎಲ್ಲರಿಗೂ ವಂದನೆ. ಕಡತ ನೋಡಿದೆ. 600 ಎಕರೆಯದು ಎಕರೆಗಿಷ್ಟು ಎಂಬ ನಗದು ಗುತ್ತಿಗೆಯೇ, ಆದರೆ ಬರಹದಲ್ಲಿಲ್ಲ, ಬಾಯಿಮಾತು. ಅದರಲ್ಲಿ 160 ಎಕರೆ ಎಕರೆ ವರದಿಯಲ್ಲಿ ಎಫ್‌ಜಿ ಎಂದಿದೆ. ಹಸು ಮಾರಿದ ಹಣದ ತೆರಿಗೆಯ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರ.

---

ಖಾತೆಪುಸ್ತಕ

ಬಾಯಿಮಾತಿನ ಗುತ್ತಿಗೆಗೆ ಜಮೀನಿನ ಮಾಲೀಕರಿಂದ ಸಹಿ ಮಾಡಿದ ಹೇಳಿಕೆ ತನ್ನಿ. ಯಾವ ತುಂಡು, ಎಷ್ಟು ಎಕರೆ, ಯಾವ ದಿನದಿಂದ ಯಾವ ದಿನದವರೆಗೆ, ಬಾಡಿಗೆ ಎಷ್ಟು, ಹುಲ್ಲು ಹೋದರೆ ನಷ್ಟ ಯಾರದು ಎಂಬುದು ಅದರಲ್ಲಿರಲಿ. ಬಾಡಿಗೆ ಕೊಟ್ಟ ಚೆಕ್ಕಿನ ಪ್ರತಿಗಳನ್ನು ಜೊತೆಗಿಡಿ. ಅದೇ ತುಂಡಿನ ಮೇಲೆ ಮಾಲೀಕರೂ ಅರ್ಜಿ ಹಾಕಿಲ್ಲ ಎಂದು ಮೊದಲೇ ಕೇಳಿಕೊಳ್ಳಿ. ಒಂದೇ ಎಕರೆಗೆ ಎರಡು ಅರ್ಜಿ ಕಂಡರೆ ಎರಡೂ ನಿಲ್ಲುತ್ತವೆ.

ಆ 160 ಎಕರೆ ನಿಜವಾಗಿಯೂ ಕೊಯ್ಯುವ ಹುಲ್ಲಾಗಿದ್ದರೆ ಬಿಟ್ಟುಬಿಡಿ. ಹಾಗಾದರೆ ನಿಮ್ಮದು 1,440 ಎಕರೆ, 72 ಹಸುವಿನ ಲೆಕ್ಕ, ನಾಲ್ಕು ತಿಂಗಳಿಗೆ ಕಡಿತಕ್ಕೆ ಮೊದಲು ಸುಮಾರು 7,267 ಡಾಲರ್. ಪ್ರತಿ ವರ್ಷ ಮೇಯಿಸುವ ಜಾಗವೇ ತಪ್ಪಿ ಹಾಗೆ ನಮೂದಾಗಿದ್ದರೆ ಪುರಾವೆಯೊಂದಿಗೆ ತಿದ್ದುಪಡಿ ಕೇಳಿ. ಅಲ್ಲಿ ಬೇಲಿ, ನೀರಿನ ತೊಟ್ಟಿ ಇರುವ ಫೋಟೋ, ಹಿಂದಿನ ವರ್ಷಗಳ ವರದಿ ಸಹಾಯಕ್ಕೆ ಬರುತ್ತವೆ. ಹಣಕ್ಕಾಗಿ ಬಳಕೆ ಬದಲಿಸಿ ಬರೆಯುವುದು ಮಾತ್ರ ಬೇಡವೇ ಬೇಡ. ಸ್ಥಳಪರಿಶೀಲನೆ ಇರುತ್ತದೆ, ಸುಳ್ಳು ಹೇಳಿಕೆಯಾದರೆ ಇಡೀ ಅರ್ಜಿಗೆ ಕುತ್ತು.

ತೆರಿಗೆ: ಎಲ್‌ಎಫ್‌ಪಿ ಹಣ ಆದಾಯವೇ, 1099-ಜಿ ಎಂಬ ಸರ್ಕಾರಿ ಪಾವತಿಯ ಚೀಟಿ ಬರುತ್ತದೆ, ಕೃಷಿ ಆದಾಯದ ತೆರಿಗೆ ನಮೂನೆಯಾದ ಶೆಡ್ಯೂಲ್ ಎಫ್‌ನಲ್ಲಿ ತೋರಿಸಬೇಕು. ಹಸು ಮಾರಿದ ಲಾಭಕ್ಕೆ ಎರಡು ದಾರಿ. ತಳಿಗೋ ಹಾಲಿಗೋ ಇಟ್ಟ ದನವನ್ನು ಬರದಿಂದ ಮಾಮೂಲಿಗಿಂತ ಹೆಚ್ಚು ಮಾರಿದ್ದರೆ, ಆ ಹೆಚ್ಚುವರಿಯ ಲಾಭವನ್ನು ತೆರಿಗೆ ಕಾನೂನಿನ ಸೆಕ್ಷನ್ 1033(ಇ) ಅಡಿ ಮುಂದೂಡಿ ಮತ್ತೆ ದನ ಕೊಳ್ಳಬಹುದು. ಸಾಮಾನ್ಯ ಅವಧಿ ಎರಡು ವರ್ಷ, ಕೇಂದ್ರ ನೆರವಿಗೆ ಅರ್ಹವೆಂದು ಘೋಷಿಸಿದ ಪ್ರದೇಶವಾದರೆ ನಾಲ್ಕು. ಮತ್ತೆ ಕೊಳ್ಳುವ ಯೋಚನೆ ಇಲ್ಲದಿದ್ದರೆ ಸೆಕ್ಷನ್ 451(ಜಿ) ಅಡಿ ಆದಾಯವನ್ನು ಒಂದು ವರ್ಷ ಮುಂದಕ್ಕೆ ಹಾಕಬಹುದು. ಅದಕ್ಕೆ ಆ ಘೋಷಣೆ ಬೇಕೇ ಬೇಕು. ಎರಡಕ್ಕೂ ‘ಮಾಮೂಲಿಗಿಂತ ಹೆಚ್ಚು’ ಎಂದು ತೋರಿಸಬೇಕಾದ್ದರಿಂದ ಹಿಂದಿನ ವರ್ಷಗಳ ಮಾರಾಟದ ಸಂಖ್ಯೆ ತೆಗೆದಿಡಿ. ಹತ್ತು ಹಸು ಪ್ರತಿ ವರ್ಷ ಮಾರುವವರಾದರೆ ಈ 25ರಲ್ಲಿ 15ಕ್ಕಷ್ಟೇ ಇದು ಅನ್ವಯ.

ಅರ್ಜಿ ತಿರಸ್ಕಾರವಾದರೆ ಪತ್ರ ಕೈಸೇರಿದ ದಿನದಿಂದ 30 ದಿನ ಇರುತ್ತದೆ. ಕೌಂಟಿ ಸಮಿತಿಗೆ ಮರುಪರಿಶೀಲನೆ ಕೇಳಬಹುದು, ಅಥವಾ ಕೃಷಿ ಇಲಾಖೆಯ ಮೇಲ್ಮನವಿ ವಿಭಾಗವಾದ ನ್ಯಾಷನಲ್ ಅಪೀಲ್ಸ್ ಡಿವಿಷನ್‌ಗೆ ಹೋಗಬಹುದು. ಎಕರೆ, ದನದ ಸಂಖ್ಯೆ, ಗುತ್ತಿಗೆ ಇಂಥ ವಿಷಯಗಳಲ್ಲಿ ಮೇಲ್ಮನವಿಗೆ ಅವಕಾಶವಿದೆ. ಪತ್ರ ಬಂದ ಲಕೋಟೆಯನ್ನೂ ಇಟ್ಟುಕೊಳ್ಳಿ, ದಿನಾಂಕದ ಮುದ್ರೆ ಅದರ ಮೇಲಿರುತ್ತದೆ.